ರಾಜಕುಮಾರಿಯ ಬಾಯಿಂದ ಸುರಿದ ಮಣ್ಣು

"ಕೇಳ್ರಪ್ಪೋ ಕೇಳಿ! ದೊರೆಯ ಮಗಳು ಹೊನ್ನಲೆಯ ಬಾಯಲ್ಲಿ ಕೂತಿರುವ ಧೂಳು ಮೂರು ಒಗಟು ಕೇಳುತ್ತದೆ. ಮೂರನ್ನೂ ಬಿಡಿಸಿದವನಿಗೆ ಅರ್ಧ ರಾಜ್ಯ, ಅವಳು ಒಪ್ಪಿದರೆ ಮದುವೆ. ತಪ್ಪಿದವನು ನಿಂತಲ್ಲೇ ಮಣ್ಣಾಗುತ್ತಾನೆ."

ಡಂಗುರದವನು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಇಷ್ಟು ಸಾರಿದನಂತೆ, ಮಕ್ಕಳಾ. ಒಂದೊಂದು ಏಟಿಗೂ ಡಂಗುರದ ಮೇಲಿಂದ ಧೂಳು ಏಳುತ್ತಿತ್ತು.

ಅದು ಎರೆಸೀಮೆ, ಕಪ್ಪು ನೆಲದ ರಾಜ್ಯ. ಹಿಂದೆ ಅಲ್ಲಿ ಧೂಳಿನ ಗಾಳಿ ವರ್ಷಕ್ಕೊಮ್ಮೆ ಬರುತ್ತಿತ್ತು. ಒಂದೆರಡು ಸೂರು ಹಾರಿಸಿ, ಹಿಂದೆಯೇ ಮಳೆಯನ್ನು ಕರೆತಂದು ಹೋಗುತ್ತಿತ್ತು. ಒಮ್ಮೆ ಎರಡು ವರ್ಷ ಸಾಲಾಗಿ ಮಳೆ ತುಂಬಿ ಸುರಿಯಿತು. ದೊರೆ, ಇನ್ನು ಮಳೆ ಹೀಗೇ ಎಂದುಕೊಂಡು, ದನ ಮೇಯುತ್ತಿದ್ದ ಗೋಮಾಳಕ್ಕೆಲ್ಲ ನೇಗಿಲು ಹೂಡಿಸಿ ಹತ್ತಿ ಹಾಕಿಸಿದ. ಮಳೆ ಯಾರ ಮಾತು ಕೇಳುತ್ತದೆ? ಮೂರನೇ ವರ್ಷ ಬರಲಿಲ್ಲ, ನಾಲ್ಕನೇ ವರ್ಷವೂ ಇಲ್ಲ, ಐದನೆಯದೂ ಹಾಗೇ ಹೋಯಿತು. ಗಾಳಿ ಮಾತ್ರ ತಿಂಗಳಿಗೊಮ್ಮೆ ಬಂತು, ಆಮೇಲೆ ವಾರಕ್ಕೊಮ್ಮೆ. ಗೋಡೆ ನಡೆದು ಬಂದ ಹಾಗೆ ಬರುತ್ತಿತ್ತು. ನಡುಹಗಲಲ್ಲಿ ದೀಪ ಹಚ್ಚಬೇಕು. ಹಸುವಿಗೆ ಕರುವಿನ ಕೂಗು ಕೇಳುತ್ತಿತ್ತೇ ಹೊರತು ಕರು ಕಾಣುತ್ತಿರಲಿಲ್ಲ.

ಅಂಥ ಒಂದು ಗಾಳಿಯಲ್ಲಿ ಹೊನ್ನಲೆ ಕಿಟಕಿ ಮುಚ್ಚಲು ಹೋದಳು, ಧೂಳು ಅವಳ ಬಾಯಿಗೆ ನುಗ್ಗಿ ಕೂತಿತು. ಆವತ್ತಿನಿಂದ ಅವಳ ಬಾಯಲ್ಲಿ ಬೇರೆ ದನಿ. ಒಂದೊಂದು ಮಾತಿಗೂ ಮಡಿಲಿಗೆ ಮಣ್ಣು ಸುರಿಯುವುದು. ದಿನದಿನಕ್ಕೆ ಹಗುರಾದಳು. ಅರಮನೆಯ ನೆಲದ ತುಂಬ ಧೂಳು, ಅವಳು ನಡೆದರೆ ಹೆಜ್ಜೆ ಮೂಡುತ್ತಿರಲಿಲ್ಲ.

ಮೊದಲು ಬಂದವನು ಪಕ್ಕದ ರಾಜ್ಯದ ರಾಜಕುಮಾರ. ಧೂಳು ಕೇಳಿತು: "ನನಗೆ ಮೈಯಿಲ್ಲ, ಬೇರೆಯವರ ಮೈ ಹೊತ್ತು ತಿರುಗುತ್ತೇನೆ. ಇದು ಯಾರ ಮೈ?"

"ದೂರದ ಮರಳುಗಾಡಿನದು," ಎಂದ ಮೀಸೆ ತಿರುವಿ. ತಿರುವಿದ ಕೈ ಅಲ್ಲೇ ನಿಂತಿತು. ಕಾಲಿನಿಂದ ತಲೆಯ ತನಕ ಮಣ್ಣು. ಸಂಜೆ ಗಾಳಿ ಬೀಸಿದಾಗ ಮೊದಲು ಹೋದದ್ದು ಆ ಮೀಸೆಯೇ.

ಆಮೇಲೆ ಒಬ್ಬ ಪಂಡಿತ ಬಂದ. "ಇದೇನು ದೊಡ್ಡದು? ಹೋದ ವಾರ ಸತ್ತ ರಾಜಕುಮಾರನ ಮೈ!" ಎಂದ. ಅವನೂ ಗುಡ್ಡೆಯಾದ. ಹೀಗೆ ಅಂಗಳದಲ್ಲಿ ಹನ್ನೊಂದು ಮಣ್ಣಿನ ಗುಡ್ಡೆ. ಗುಡಿಸಲು ಯಾರಿಗೂ ಧೈರ್ಯವಿಲ್ಲ.

ಆ ಸೀಮೆಯಲ್ಲಿ ಮಾಳಿಂಗ ಅಂತ ಒಬ್ಬ ಕಣ ಮಾಡುವವನಿದ್ದ. ಸುಗ್ಗಿ ಬಂದರೆ ನೆಲ ನೆನೆಸಿ, ಕುರಿ ಹಾಯಿಸಿ ತುಳಿಸಿ, ಸಗಣಿ ಬಳಿದು, ಕಾಳಿಗೆ ಒಂದು ಚೂರೂ ಮಣ್ಣು ಸೇರದ ಹಾಗೆ ಕಣ ಮಾಡಿಕೊಡುವುದು ಅವನ ಕೆಲಸ. ಮೂರು ವರ್ಷದಿಂದ ಬೆಳೆಯಿಲ್ಲ, ಕಣವಿಲ್ಲ. ಮನೆಯಲ್ಲಿ ಅವ್ವ ಧೂಳು ಕುಡಿದು ಕುಡಿದು ಕೆಮ್ಮುತ್ತಿದ್ದಳು. ಈ ಗಾಳಿ ನಿಲ್ಲದಿದ್ದರೆ ಅವಳು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅರಮನೆಯ ಬಾಗಿಲಲ್ಲಿ ಕಾವಲಿನವನು ನಕ್ಕ. "ಏನಪ್ಪ, ಮದುವೆಗೆ ಸಗಣಿ ಬುಟ್ಟಿ ಹೊತ್ತು ಬಂದೆಯಾ?"

"ಇಲ್ಲೇ ಇಟ್ಟಿರ್ತೀನಿ ಅಣ್ಣ. ನಾನು ಮಣ್ಣಾದರೆ ಇದರಲ್ಲೇ ತುಂಬಿ ನಮ್ಮವ್ವನಿಗೆ ಕಳಿಸು."

ಕಾವಲಿನವನು ಮತ್ತೆ ನಗಲಿಲ್ಲ.

ಧೂಳು ಅವನಿಗೂ ಅದೇ ಮೊದಲ ಒಗಟು ಕೇಳಿತು. ಮಾಳಿಂಗ ಹೊನ್ನಲೆಯ ಮಡಿಲಿಂದ ಚಿಟಿಕೆ ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದ, ನಾಲಿಗೆಗಿಟ್ಟ. ಕಣ ಮಾಡುವವರು ನೆಲವನ್ನು ಹಾಗೇ ನೋಡುವುದು.

"ಇದು ಮರಳಲ್ಲ ತಾಯಿ, ಬೆಣ್ಣೆ ಹಾಗೆ ಜಾರ್ತದೆ. ಹಳೇ ಗೊಬ್ಬರದ ರುಚಿ ಅದೆ. ನೀನು ಹೊತ್ತಿರೋದು ನಮ್ಮ ಗೋಮಾಳದ ಮೇಲ್ಮಣ್ಣು. ನಮ್ಮ ನೆಲದ್ದೇ ಮೈ."

ಹೊರಗೆ ಗಾಳಿ ಉಸಿರು ಹಿಡಿದ ಹಾಗಾಯಿತು. "ನನ್ನನ್ನು ಕಟ್ಟುವ ಹಗ್ಗ ಯಾರೂ ಹೊಸೆದದ್ದಲ್ಲ," ಎಂದಿತು ಧೂಳು. "ಬಿಸಿಲಿಗೆ ಸತ್ತಂತಿರುತ್ತದೆ, ಹಿಡಿದದ್ದು ಮಾತ್ರ ಬಿಡುವುದಿಲ್ಲ. ಯಾವುದು?"

"ಹುಲ್ಲಿನ ಬೇರು. ಕಣಕ್ಕೆ ಗರಿಕೆ ಕಿತ್ತು ಕಿತ್ತು ನನ್ನ ಉಗುರೇ ಹೋಗ್ಯಾವೆ. ಮೇಲೆ ಒಣಗಿದ್ದರೂ ಕೆಳಗೆ ಹಿಡಿ ಮಣ್ಣು ಹಿಡಕೊಂಡೇ ಬರ್ತದೆ."

"ಅಜ್ಜಂದಿರ ಕಾಲದಲ್ಲಿ ವರ್ಷಕ್ಕೊಮ್ಮೆ ಬಂದು ಹೊರಗೇ ನಿಂತು ಹೋಗುತ್ತಿದ್ದೆ. ಈಗ ವಾರವಾರವೂ ಒಳಗೆ ಬರುತ್ತೇನೆ. ಬಾಗಿಲು ತೆಗೆದವರು ಯಾರು?"

ದೊರೆಯ ಪಕ್ಕ ನಿಂತಿದ್ದ ಮಂತ್ರಿ ಮೆಲ್ಲಗೆ, "ಮಳೆರಾಯ ಅನ್ನೋ, ಬದುಕಿಕೋ," ಎಂದ. ಮಾಳಿಂಗ ದೊರೆಯ ಮುಖ ನೋಡಿದ. ನಿಜ ಹೇಳಿದರೆ ಕತ್ತಿ, ಸುಳ್ಳು ಹೇಳಿದರೆ ಮಣ್ಣು. ಸುಮ್ಮನೆ ನಿಂತಿದ್ದಕ್ಕೇ ಪಾದ ತಣ್ಣಗಾಗಿ ಮಣ್ಣು ಮೊಣಕಾಲಿಗೆ ಏರಿತು.

"ಮಳೆ ಹಿಂದೆಯೂ ತಪ್ಪಿತ್ತು ದೊರೆಯೇ. ಅಜ್ಜನ ಕಾಲದಲ್ಲಿ ಏಳು ವರ್ಷ ಬರ. ಆಗಲೂ ಗಾಳಿ ಬಂತು, ಒಣಹುಲ್ಲಿನ ಮೇಲೆ ಹೊರಳಿ ಹೋಯಿತು. ಬರ, ಬಿಸಿಲು ಗಾಳಿಯನ್ನ ಬಾಗಿಲ ತನಕ ತರ್ತಾವೆ, ಅಷ್ಟೇ. ಹುಲ್ಲೇ ನಮ್ಮ ಬಾಗಿಲು. ಎರಡು ಒಳ್ಳೇ ಮಳೆ ನಂಬಿ ಅದನ್ನ ಕೀಳಿಸಿದವರು ನೀವು. ಕೂಲಿ ಆಸೆಗೆ ನೇಗಿಲು ಹಿಡಿದವರಲ್ಲಿ ನಾನೂ ಒಬ್ಬ."

ದೊರೆಯ ಕೈ ಕತ್ತಿಗೆ ಹೋಯಿತು. ಹೊನ್ನಲೆ ಅವನ ಕಡೆ ತಿರುಗಿದಳು. ಅವಳ ಕೆನ್ನೆಯಿಂದಲೂ ಮಣ್ಣು ಉದುರುತ್ತಿತ್ತು. ದೊರೆ ಕತ್ತಿ ಬಿಟ್ಟ. "ಹೌದು," ಎಂದ. "ನಾನೇ ತೆಗೆದೆ."

ಗಾಳಿ ನಿಂತಿತು. ಮಾಳಿಂಗನ ಕಾಲಿಗೆ ಏರಿದ್ದ ಮಣ್ಣು ಉದುರಿತು. ಹೊನ್ನಲೆ ಕೆಮ್ಮಿದಳು, ಒಂದು ಮಣ್ಣಿನ ಹೆಂಟೆ ಹೊರಬಿತ್ತು. "ಅಪ್ಪಾ, ನೀರು," ಎಂದಳು ತನ್ನದೇ ದನಿಯಲ್ಲಿ.

ಅರ್ಧ ರಾಜ್ಯ ಆರಿಸಿಕೋ ಅಂದರೆ ಮಾಳಿಂಗ ಆ ಬೋಳು ಗೋಮಾಳವನ್ನೇ ಕೇಳಿದ. ಅಲ್ಲಿ ನೇಗಿಲು ಇಳಿಯಬಾರದು ಅಂತ ಮಾತು ತೆಗೆದುಕೊಂಡ. ಅಂಗಳದ ಹನ್ನೊಂದು ಗುಡ್ಡೆಗಳನ್ನೂ ತನ್ನ ಬುಟ್ಟಿಯಲ್ಲಿ ಹೊತ್ತೊಯ್ದು, ನೀರು ಚಿಮುಕಿಸಿ, ಮೇಲೆ ಗರಿಕೆ ನೆಟ್ಟ.

"ಮದುವೆಗೆ ಒಪ್ಪಿದೆಯೇನಮ್ಮ?" ಎಂದು ದೊರೆ ಕೇಳಿದರೆ ಹೊನ್ನಲೆ, "ಒಪ್ಪಿದೆ. ಮೊದಲು ಹುಲ್ಲು ಚಿಗುರಲಿ, ಧೂಳು ಬಿದ್ದ ಅನ್ನ ಯಾರಿಗೆ ಬಡಿಸೋದು?" ಎಂದಳಂತೆ. ಎರಡು ವರ್ಷ ಕಾದು ಮದುವೆಯಾಯಿತು. ಸೊಸೆಯ ಕೈಲಿ ಊಟ ಬಡಿಸಿಕೊಂಡ ಅವ್ವ ಒಂದು ಸಲವೂ ಕೆಮ್ಮಲಿಲ್ಲ.

ಗಾಳಿ ಈಗಲೂ ವರ್ಷಕ್ಕೊಮ್ಮೆ ಬರುತ್ತದೆ, ಮಕ್ಕಳಾ. ಹುಲ್ಲಿನ ಅಂಚಲ್ಲಿ ನಿಂತು ಬಾಗಿಲು ತಡವುತ್ತದೆ. ಆ ಹನ್ನೊಂದು ಗುಡ್ಡೆಯ ಗರಿಕೆಯನ್ನು ಯಾವ ದನವೂ ಮೇಯುವುದಿಲ್ಲ. ಬೇರು ಹಿಡಿದುಕೊಂಡಿದೆ, ಬಿಟ್ಟಿಲ್ಲ. ನೀವೂ ಕೀಳಬೇಡಿ.