ಅಲೆಕ್ಸಾಂಡರ್ ಎಂಬ ಕೋಳಿಮರಿ

ಹೇಂಟೆಯೊಂದು ತನ್ನ ಮೂರು ಮರಿಗಳಿಗೆ ಘನವಾದ ಹೆಸರಿಡಬೇಕೆಂದು, ಹಡಗಿನಲ್ಲಿ ದೇಶ ದೇಶ ಸುತ್ತಿ ಬಂದಿದ್ದ ಗಿಳಿಯ ಬಳಿಗೆ ಹೋಯಿತು.

"ಹಿರಿಯವನು ಅಸದ್, ಅರಬ್ಬಿಯಲ್ಲಿ ಸಿಂಹ. ನಡುವಿನವನು ಲಿಯೊನಾರ್ಡೊ, ಸಿಂಹದಂಥ ಶೂರ. ಕಿರಿಯವನು ಅಲೆಕ್ಸಾಂಡರ್, ಗ್ರೀಕರಲ್ಲಿ ಜನರಕ್ಷಕನೆಂದು ಅರ್ಥ," ಎಂದಿತು ಗಿಳಿ.

ಹೇಂಟೆ ಹಿಗ್ಗಿತು. ಪ್ರತಿಯೊಂದು ಮರಿಯ ಕಿವಿಯಲ್ಲೂ ಮೂರು ಸಲ ಹೆಸರು ಉಸುರಿತು. ಇನ್ನು ಮೇಲೆ ಇಂಥವರನ್ನು ಕೊಕ್ ಕೊಕ್ ಎಂದು ಕರೆಯುವುದು ತನ್ನ ಅಂತಸ್ತಿಗೆ ತಕ್ಕುದಲ್ಲವೆಂದು ತೀರ್ಮಾನಿಸಿತು.

ಮರುದಿನವೇ ಹದ್ದು ಎರಗಿತು. "ಅಸದ್, ಬಾ! ಲಿಯೊನಾರ್ಡೊ, ಬಾ!" ಎಂದು ಹೇಂಟೆ ವಯಸ್ಸಿನ ಕ್ರಮದಲ್ಲಿ ಕರೆಯತೊಡಗಿತು. ಮೂರನೆಯ ಹೆಸರನ್ನು ಹೇಳಿ ಮುಗಿಸುವ ಮೊದಲೇ ಮೂರನೆಯ ಮರಿ ಹದ್ದಿನ ಉಗುರುಗಳಲ್ಲಿತ್ತು.

ನೆರೆಯ ಬಾತುಕೋಳಿ ಓಡಿ ಬಂದು, "ಒಂದು ಸಲ ಕೊಕ್ ಎಂದಿದ್ದರೆ ಮೂರೂ ನಿನ್ನ ರೆಕ್ಕೆಯಡಿಗೆ ಬರುತ್ತಿದ್ದವಲ್ಲೇ, ಮಾರಾಯ್ತಿ!" ಎಂದು ಮರುಗಿತು.

ಹೇಂಟೆ ಕಣ್ಣೊರೆಸಿಕೊಂಡು ಕತ್ತನ್ನು ನೆಟ್ಟಗೆ ಮಾಡಿತು.

"ಹೋದವನು ಅಲೆಕ್ಸಾಂಡರ್, ಬಾತಕ್ಕಾ. ನಿಮ್ಮ ಮನೆಯವುಗಳಂತೆ ಹೆಸರಿಲ್ಲದ ಮರಿಯಲ್ಲ."