ನಾಲ್ಕನೇ ಹೆಗಲು

ಭೀಮಾ ತೀರದ ಸೂಫಿ ಮಠ, ಖಾನಕಾದಲ್ಲಿದ್ದ ಶಹಾಬುದ್ದೀನ್ ಹಜರತರು ಊರಿನ ಸತ್ತವರಿಗೆ ಗುಸಲ್ ಮಾಡಿಸುತ್ತಿದ್ದರು. ಮಣ್ಣಿಗಿಡುವ ಮುಂಚಿನ ಸ್ನಾನ ಅದು. ಸ್ನಾನ ಮಾಡಿಸಿದವರು ಹೆಣದ ಮೇಲೆ ಏನು ಕಂಡರೂ ಹೊರಗೆ ಆಡಬಾರದು, ಅದು ಹಿಂದಿನಿಂದ ಬಂದ ಕಟ್ಟಳೆ.

ಶಿಷ್ಯ ಜುನೈದನಿಗೆ ಕಿತಾಬೆಲ್ಲ ಬಾಯಿಪಾಠ. ಬಾಯಿ ಮುಚ್ಚಿಕೊಂಡಿರುವುದೊಂದು ಬರುತ್ತಿರಲಿಲ್ಲ.

ಅಂದು ಹತ್ತಿ ಹಿಂಜುವ ಮುದುಕ, ನದಾಫ ಮೌಲಾಸಾಬನ ಒಬ್ಬನೇ ಮಗ ತೀರಿಕೊಂಡಿದ್ದ. ನೀರು ಹಾಕುವಾಗ ಕೊರಳಲ್ಲಿ ಹಗ್ಗದ ಗುರುತು ಜುನೈದನ ಕಣ್ಣಿಗೆ ಬಿತ್ತು. ಹಜರತರೂ ಅದನ್ನು ನೋಡಿದರು. ಸ್ನಾನ ಮುಗಿಸಿ ಕಫನಿನ ಬಿಳಿ ಬಟ್ಟೆಯನ್ನು ಗಲ್ಲದವರೆಗೆ ಎಳೆದರು.

ಹೊರಗೆ ಜಮಾತಿನ ಹಿರಿಯರು ಕೇಳಿದರು, "ಹುಡುಗ ಹೆಂಗ ಸತ್ತ?"

"ಜ್ವರ ಬಂದಿತ್ರೀ," ಅಂದ ಮೌಲಾಸಾಬ, ನೆಲ ನೋಡುತ್ತ.

"ಸುಳ್ಳು," ಅಂದ ಜುನೈದ. "ಉರುಲು ಹಾಕ್ಕೊಂಡಾನ."

ಮೌಲಾಸಾಬ ಅಲ್ಲೇ ಕುಸಿದು ಕೂತ. ತಾನೇ ಜೀವ ಕಳಕೊಂಡವನಿಗೆ ನಮಾಜು ಮಾಡಲಾರೆವೆಂದು ಹಿರಿಯರು ಚಪ್ಪಲಿ ಮೆಟ್ಟಿದರು. ಅವರ ಹಿಂದೆಯೇ ಎಲ್ಲರೂ ಹೊರಟುಹೋದರು.

ಜುನೈದನಿಗೆ ಸಂಕಟವಾಯಿತು. ಆದರೂ ಹಟ ಬಿಡಲಿಲ್ಲ.

"ಹಜರತ್, ಸುಳ್ಳು ಹರಾಮ್ ಹೌದಲ್ರೀ?"

"ಹೌದು."

"ಜೀವ ತಕ್ಕೊಳ್ಳೋದು?"

"ಅದೂ ಹರಾಮ್. ನಿನ್ನೆನೂ, ನಾಳೆನೂ."

"ಮತ್ತ ನೀವ್ಯಾಕ ಸುಮ್ಮನಿದ್ರಿ? ಅವರವರ ಕಣ್ಣೀರು ನೋಡಿ ಹರಾಮ್ ಹಲಾಲ್ ಬದಲಾದ್ರ ದೀನ್ ಧರ್ಮ ಎಲ್ಲಿ ಉಳೀತದ?"

"ನಾ ಏನೂ ಬದಲು ಮಾಡಲಿಲ್ಲ. ತೂಗೋದು ಅಲ್ಲಾಹನ ಕೆಲಸ. ನನಗ ತೊಳೀಲಿಕ್ಕೆ ಹೇಳ್ಯಾನ."

"ಆದ್ರ ನಾ ಹೇಳಿದ್ದು ಸತ್ಯ."

"ಸತ್ಯನ," ಅಂದರು ಹಜರತರು. ಆಮೇಲೆ ಮುದುಕನ ರಟ್ಟೆ ಹಿಡಿದು, "ಏಳಪ್ಪಾ ಮೌಲಾ," ಅಂದರು.

ಮೂವರೇ ನಿಂತು ನಮಾಜು ಮಾಡಿದರು. ಹೆಣವಿಟ್ಟ ಜನಾಜಾದ ಮುಂದಿನ ಒಂದು ಮೂಲೆಗೆ ತಂದೆ ಹೆಗಲು ಕೊಟ್ಟ, ಇನ್ನೊಂದಕ್ಕೆ ಹಜರತರು ಕೊಟ್ಟರು. ಹಿಂದೆ ಜುನೈದ ಒಬ್ಬನೇ. ಎತ್ತುತ್ತಲೇ ಖಾಲಿ ಮೂಲೆ ವಾಲಿ ಹೆಣ ಜಾರಿತು. ಮೌಲಾಸಾಬ "ಬೇಟಾ!" ಎಂದು ಚೀರಿದ.

ಇಳಿಸಿದರು. ಜುನೈದ ಬೀದಿಯ ಆ ತುದಿ ಈ ತುದಿ ನೋಡಿದ. ಎಲ್ಲ ಬಾಗಿಲೂ ಮುಚ್ಚಿದ್ದವು. ಅವನ ಕಣ್ಣು ತುಂಬಿದವು.

"ಹಜರತ್, ಇನ್ನೊಬ್ರು ಬೇಕು. ಯಾರನ್ನ ಕರೀಲಿ?"

ಹಜರತರು ತಿರುಗಿ ನೋಡಲಿಲ್ಲ.

"ನಿನ್ನ ಸತ್ಯಾನ ಕರಿ. ಹೆಗಲು ಕೊಡ್ತದೇನು ನೋಡು."