ಕೂಗಿನ ಪರೀಕ್ಷೆ

ಕಾವಲು ಕಾಯುವುದು ಹುಂಜಗಳಿಗೇ ಸೇರಿದ್ದೆಂದು ಅಜ್ಜಿ ಹೇಳುತ್ತಿದ್ದ ಮಾತು ಚುಕ್ಕಿ ಎಂಬ ಹೇಂಟೆಗೆ ಮರಿಯಾಗಿದ್ದಾಗಿನಿಂದ ನೆನಪಿತ್ತು. ಆದರೆ ಎರಗುವ ಹದ್ದು ಹುಂಜ, ಹೇಂಟೆ ಎಂದು ಭೇದವೆಣಿಸುತ್ತದೆಯೇ? ಹೀಗೆ ಯೋಚಿಸಿ ಅವಳು ಕಾವಲು ಪಡೆಯ ಆಯ್ಕೆಗೆ ಬಂದು ನಿಂತಳು.

"ಎಲ್ಲಿ, ಒಮ್ಮೆ ಕೂಗು ನೋಡೋಣ, ತಾಯಿ!" ಎಂದು ಹುಂಜಗಳ ದಳಪತಿ ನಕ್ಕನು. "ಕೂಗಲಾರದವರಿಗೆ ಪಡೆಯಲ್ಲಿ ಸ್ಥಾನವಿಲ್ಲ."

"ಕೂಗಿಗೆ ಹದ್ದು ಹೆದರುತ್ತದೆಯೇ, ದಳಪತಿಗಳೇ?"

ಉತ್ತರಕ್ಕೆ ಮೊದಲೇ ಹದ್ದು ಎರಗಿತು. ಕಾವಲಿನ ಹುಂಜಗಳೆಲ್ಲ ಸಾಲಾಗಿ ನಿಂತು, ಕತ್ತು ನೀಡಿ, ಬಹು ಅಚ್ಚುಕಟ್ಟಾಗಿ ಕೂಗಿದವು. ಹದ್ದು ನಿಶ್ಚಿಂತೆಯಿಂದ ಮರಿಯೊಂದನ್ನು ಹಿಡಿಯಿತು. ಚುಕ್ಕಿ ಎಗರಿ ಅದರ ಮುಖಕ್ಕೇ ಕುಕ್ಕಿದಳು. ಮರಿ ಜಾರಿ ಹುಲ್ಲಿಗೆ ಬಿತ್ತು. ಹದ್ದು ಬಂದ ದಾರಿ ಹಿಡಿಯಿತು.

ದಳಪತಿ ಎಲ್ಲರೆದುರು ಸಾರಿದನು: "ಇಂದಿನಿಂದ ಆಯ್ಕೆಯಲ್ಲಿ ಕೂಗಿನ ಪರೀಕ್ಷೆ ಇರುವುದಿಲ್ಲ. ಕಾದಾಡಬಲ್ಲವರು ಯಾರೇ ಆಗಲಿ, ಪಡೆಗೆ ಸೇರಬಹುದು. ಈಗಿನ ಕಾವಲಿಗೆ ಚುಕ್ಕಿ ನಿಲ್ಲುತ್ತಾಳೆ."